ಸೈಟಿನ ವಿಷಯ ನಿನಗೂ ಗೊತ್ತಿರಲಿ

ಚಿ. ಸಿಂಧುವಿಗೆ,

 

ಫೋನಿನಲ್ಲಿ ಹೇಳಿ ಮುಗಿಸಬಹುದಾದದ್ದಕ್ಕೆ ಮಾವ ಕಾಗದ ಬರೆದಿದ್ದಾರೆ ಅಂತ ನಗಬೇಡ. ಫೋನಿನಲ್ಲಾದರೆ ಎರಡನೇ ನಿಮಿಷಕ್ಕೇ ನೀನು ‘ಸರಿ ಮಾವ, ಸರಿ ಮಾವ’ ಅನ್ನಲು ಶುರುಮಾಡುತ್ತೀ. ಇದರಲ್ಲಿ ಲೆಕ್ಕವಿದೆ. ಲೆಕ್ಕವನ್ನು ಕಿವಿಯಲ್ಲಿ ಕೇಳಿದರೆ ಆಗುವುದಿಲ್ಲ, ಕಣ್ಣಲ್ಲಿ ನೋಡಬೇಕು. ಆದ್ದರಿಂದ ಸಾವಧಾನವಾಗಿ ಓದು. ಬಸ್ಸಿನಲ್ಲಿ ಓದಬೇಡ.

ನಿನಗೆ ಸ್ಟುಟ್‌ಗಾರ್ಟ್‌ನಲ್ಲಿ ಸೀಟು ಸಿಕ್ಕಿದ ಸುದ್ದಿ ನಮ್ಮ ಬೀದಿಗೆಲ್ಲ ಗೊತ್ತಾಗಿದೆ. ಯಾರು ಹೇಳಿದರು ಅಂತ ಕೇಳಬೇಡ, ನಿನ್ನ ಅತ್ತೆಗೆ ಒಳ್ಳೆಯ ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಂಡು ಗೊತ್ತಿಲ್ಲ. ಏನು ಓದುತ್ತಾಳೆ ಅಂತ ಪಕ್ಕದ ಮನೆಯವರು ಕೇಳಿದರಂತೆ. ಕೊಳಚೆ ನೀರು, ಕಸ, ಇವುಗಳನ್ನು ಶುದ್ಧ ಮಾಡುವ ವಿದ್ಯೆ ಅಂತ ಇವಳು ಹೇಳಿದ್ದಾಳೆ. ‘ಕಸದ ಓದಿಗೆ ಜರ್ಮನಿವರೆಗೂ ಹೋಗಬೇಕೇ?’ ಅಂದರಂತೆ ಅವರು. ಮುನಿಸಿಪಾಲಿಟಿ ಗಾಡಿ ವಾರದಿಂದ ಬಾರದ ಬೀದಿಯಲ್ಲಿ ನಿಂತು ಕೇಳುವ ಪ್ರಶ್ನೆಯೇ ಅದು! ನನಗಂತೂ ನೀನು ಆರಿಸಿಕೊಂಡ ವಿಷಯ ಬಹಳ ಹಿಡಿಸಿತು. ನೀನು ಕಲಿತು ಬಂದರೆ ನಮ್ಮ ತುಂಗೆಗಾದರೂ ಒಂದಿಷ್ಟು ಉಪಕಾರವಾದೀತು.

ಅತ್ತೆ ಸಾರಿನ ಪುಡಿ, ಮೆಂತ್ಯದ ಹಿಟ್ಟು, ಚಟ್ನಿಪುಡಿಗಳ ತಯಾರಿಯಲ್ಲಿ ಮುಳುಗಿದ್ದಾಳೆ. ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿಯನ್ನೇ ಎತ್ತಿ ಕೊಡುವ ಅಂದಾಜಿದ್ದ ಹಾಗಿದೆ. ಅರ್ಧ ಕೆ.ಜಿ. ಮಾತ್ರ ತೆಗೆದುಕೋ, ಅದನ್ನೂ ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿಕೋ. ಅಕ್ಕಿ, ಬೇಳೆ, ಜೀರಿಗೆ, ಸಾಸಿವೆ ಎಲ್ಲವೂ ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತವೆ. ಸಿಗದೇ ಇರುವುದು ನಿನ್ನ ಕನ್ನಡಕದ ಪವರ್ ಬರೆದ ಚೀಟಿ, ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಂದ ನೆಮ್ಮದಿ. ಹಲ್ಲು ತೋರಿಸಿಕೊಂಡು ಹೋಗು. ಒಂದು ಜತೆ ಕನ್ನಡಕ ಹೆಚ್ಚಿಗೆ ಮಾಡಿಸಿಕೋ.

ನಿನಗೆ ಇನ್ನೊಂದು ಗೊತ್ತೇ? ನೀನು ಹೋಗುತ್ತಿರುವ ಸೀಮೆಗೂ ನಮಗೂ ಹಳೆಯ ನೆಂಟಸ್ತಿಕೆ ಇದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಆ ಕಡೆಯವನೇ. ಕೊನೆಯ ದಿನಗಳನ್ನು ಕಳೆದು 1881ರಲ್ಲಿ ತೀರಿಕೊಂಡದ್ದು ಎಸ್ಲಿಂಗೆನ್‌ನಲ್ಲಿ, ಸ್ಟುಟ್‌ಗಾರ್ಟ್‌ನ ಮಗ್ಗುಲಲ್ಲೇ ಇರುವ ಊರು ಅದು. ನಿಘಂಟು ಮಾಡಿದ ಕಿಟ್ಟೆಲ್ ಉತ್ತರ ಜರ್ಮನಿಯವನಾದರೂ 1903ರಲ್ಲಿ ಕಣ್ಣುಮುಚ್ಚಿದ್ದು ಟ್ಯೂಬಿಂಗೆನ್‌ನಲ್ಲಿ, ಅದೂ ಅಲ್ಲಿಂದ ದೂರವಲ್ಲ. ಅವನು ಇಲ್ಲಿಗೆ ಬಂದದ್ದು 1853ರಲ್ಲಿ, ನಿಘಂಟು ಅಚ್ಚಾಗಿ ಬಂದದ್ದು 1894ರಲ್ಲಿ. ನಿನಗೆ ಅಷ್ಟು ಪುರುಸೊತ್ತಿಲ್ಲ ಬಿಡು. ಆದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ ಅಂತ ಜರ್ಮನ್ ಕಲಿಯುವುದನ್ನು ಮೊದಲ ಹಂತವಾದ ‘ಎ1’ಕ್ಕೇ ನಿಲ್ಲಿಸಬೇಡ. ಪಾಠ ಇಂಗ್ಲಿಷಿನಲ್ಲಿದ್ದರೂ ಮನೆ ಮಾಲೀಕ, ಆಸ್ಪತ್ರೆಯ ಕೌಂಟರು, ಮುಂದೆ ಕೆಲಸ ಕೊಡುವವನು, ಇವರೆಲ್ಲ ಜರ್ಮನ್ನಿನಲ್ಲೇ ಇರುತ್ತಾರೆ. ‘ಬಿ1’ ಮುಗಿಸಿದವರಿಗೂ ಮುಗಿಸದವರಿಗೂ ಕೆಲಸ ಹುಡುಕುವಾಗ ಅಜಗಜಾಂತರ ಅಂತ ಅಲ್ಲೇ ಇರುವ ನನ್ನ ಬ್ಯಾಂಕಿನ ಹಳೆಯ ಗ್ರಾಹಕರೊಬ್ಬರ ಮಗ ಹೇಳುತ್ತಾನೆ. ಅವನ ನಂಬರ್ ನಿನಗೆ ಕೊಟ್ಟಿದ್ದೇನೆ. ಸಂಕೋಚಪಡದೆ ಮಾತಾಡು.

ಅವನಿಂದಲೇ ತಿಳಿದ ನಾಲ್ಕು ಸಂಗತಿ ಬರೆದುಬಿಡುತ್ತೇನೆ. ಮನೆ ಸಿಕ್ಕಿದ ಎರಡು ವಾರದೊಳಗೆ ನಗರ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕಂತೆ, ಅದಕ್ಕೆ ಮನೆ ಮಾಲೀಕನ ಸಹಿ ಇರುವ ಚೀಟಿ ಬೇಕು. ಆ ನೋಂದಣಿ ಆಗದಿದ್ದರೆ ಮುಂದಿನ ಕೆಲಸಗಳೂ ಒಂದರ ಹಿಂದೆ ಒಂದು ನಿಂತುಬಿಡುತ್ತವೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹಾಲು ತರಕಾರಿ ತಂದಿಟ್ಟುಕೋ. ನೀರಿನ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡ, ಅಂಗಡಿಯ ಯಂತ್ರಕ್ಕೆ ಹಾಕಿದರೆ 25 ಸೆಂಟು ವಾಪಸು ಬರುತ್ತದೆ. ಆ ಸೀಮೆಯಲ್ಲಿ ಇನ್ನೊಂದು ವಿಶೇಷ: ಒಂದೇ ಕಟ್ಟಡದಲ್ಲಿರುವವರು ವಾರಕ್ಕೊಬ್ಬರಂತೆ ಮೆಟ್ಟಿಲು ಗುಡಿಸಿ ಒರೆಸಬೇಕು. ನಿನ್ನ ಸರದಿ ಬಂದಾಗ ಬಾಗಿಲಿಗೆ ಒಂದು ಫಲಕ ನೇತುಹಾಕುತ್ತಾರೆ. ಇದನ್ನು ಕೇಳಿ ನಿನ್ನಮ್ಮ ನಕ್ಕದ್ದೇ ನಕ್ಕದ್ದು. ‘ಇಲ್ಲಿ ಅಂಗಳ ಗುಡಿಸು ಅಂದರೆ ಸೊಂಟ ಹಿಡಿದುಕೊಳ್ಳುತ್ತಿದ್ದಳು, ಅಲ್ಲಿ ಫಲಕ ಹಾಕಿಸಿಕೊಂಡು ಗುಡಿಸುತ್ತಾಳೆ’ ಅಂದಳು.

ಪರೀಕ್ಷೆಯ ಅಂಕದ ಬಗ್ಗೆ ನಿನ್ನಪ್ಪನಿಗೆ ಈಗಲೇ ಹೇಳಿಡು. ಅಲ್ಲಿ 1 ಅಂದರೆ ಅತ್ಯುತ್ತಮ, 4 ದಾಟಿದರೆ ಫೇಲು. ನೀನು ಹೋಗಿ ‘1.3 ಬಂತು ಅಪ್ಪ’ ಅಂದರೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪೇಪರು ತಿದ್ದಿದ ಮನುಷ್ಯ ಅನ್ನ ಬಿಡುತ್ತಾರೆ.

ಇನ್ನು ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿದ್ದು ಯಾಕೆಂದರೆ ಮುಂದಿನದನ್ನು ನಿನಗೆ ಹೇಳಬೇಡ ಅಂತ ನಿನ್ನಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಯೋಚನೆ ಮಾಡಿ ನೋಡಿದೆ. ಆ ಮಾತನ್ನು ಉಳಿಸಿಕೊಳ್ಳುವುದು ಸರಿಯಲ್ಲ ಅನ್ನಿಸಿತು.

ನಿನ್ನ ಶಿಕ್ಷಣ ಸಾಲಕ್ಕೆ ಆಧಾರವಾಗಿ ಇಟ್ಟಿರುವುದು ಶಿವಮೊಗ್ಗದ ಸೈಟು, ನಿನ್ನಮ್ಮನ ಹೆಸರಿನಲ್ಲಿರುವುದು. ‘ಅಪ್ಪನ ಪೆನ್ಷನ್ ಮೇಲೆ ಕೊಟ್ಟಿದ್ದಾರೆ’ ಅಂತ ನಿನಗೆ ಹೇಳಿದ್ದಾರೆ, ಅದು ನಿಜವಲ್ಲ. ಬ್ಯಾಂಕುಗಳ ಒಕ್ಕೂಟದ ಮಾದರಿ ಯೋಜನೆಯ ಪ್ರಕಾರ ಏಳೂವರೆ ಲಕ್ಷದ ಆಚೆ ಹೋದರೆ ಆಸ್ತಿಯ ಭದ್ರತೆ ಕೇಳುತ್ತಾರೆ. ತೋಟ ಇಡುತ್ತೇನೆ ಅಂದರು ನಿನ್ನಪ್ಪ. ಕೃಷಿ ಜಮೀನನ್ನು ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಬ್ಯಾಂಕಿನವರು ಒಪ್ಪುವುದಿಲ್ಲ. ಉಳಿದದ್ದು ಸೈಟು ಒಂದೇ. ಇ-ಖಾತೆ, ಋಣಭಾರ ಪತ್ರ, ವಕೀಲರ ಅಭಿಪ್ರಾಯ, ವ್ಯಾಲ್ಯುಯೇಷನ್ ಎಲ್ಲ ನಾನೇ ಓಡಾಡಿ ಮಾಡಿಸಿದೆ. ಅಕ್ಕ ಟ್ರಂಕಿನಿಂದ ಕ್ರಯಪತ್ರ ತೆಗೆದು ತಂದಳು. ರಿಜಿಸ್ಟ್ರೇಷನ್ ದಿನ ನಾಲ್ಕೂ ಮೂಲೆಗೆ ಹಚ್ಚಿದ ಅರಿಶಿನ ಹಾಗೇ ಇತ್ತು. ಬ್ಯಾಂಕಿನ ಹುಡುಗ ಪುಟ ತಿರುಗಿಸಿ ತಿರುಗಿಸಿ ಬೆರಳು ಹಳದಿಯಾಗಿ ಪ್ಯಾಂಟಿಗೆ ಒರೆಸಿಕೊಂಡ. ಅಕ್ಕ ಸಹಿ ಹಾಕಿದಳು. ಹೊರಗೆ ಬಂದವಳೇ ‘ಕಬ್ಬಿನಹಾಲು ಕುಡಿಯೋಣ ಬಾರೋ’ ಅಂದಳು. ದುಃಖವೇನೂ ಇರಲಿಲ್ಲ ಅವಳ ಮುಖದಲ್ಲಿ, ಅದನ್ನೂ ಹೇಳಬೇಕು. ಅವಳಿಗೆ ಹೆಮ್ಮೆಯೇ ಇತ್ತು.

ಆಸ್ತಿಯ ಒಡೆಯರು ಹಕ್ಕುಪತ್ರ ಠೇವಣಿ ಇಡುವಾಗ ಸಾಲಗಾರ ವಿದ್ಯಾರ್ಥಿ ಎದುರಿಗಿರಬೇಕಾಗಿಲ್ಲ. ಹಾಗಾಗಿ ನಿನಗೆ ಗೊತ್ತಾಗಲಿಲ್ಲ. ನಿನ್ನ ಸಹಿಗಳಿಗೆ ನೀನು ಬೆಂಗಳೂರಿನಿಂದ ಒಂದು ದಿನ ರಜೆ ಹಾಕಿ ಬಂದೆ. ಪೆನ್ಸಿಲ್ಲಿನಲ್ಲಿ ಇಂಟು ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿ ಮಧ್ಯಾಹ್ನದ ಬಸ್ಸಿಗೆ ವಾಪಸು ಹೋದೆ. ಒಂದು ಹಾಳೆಯನ್ನೂ ನೀನು ಓದಲಿಲ್ಲ. ನೋಡುತ್ತ ನಿಂತಿದ್ದೆ ನಾನು. ಆರನೇ ಕ್ಲಾಸಿನಲ್ಲಿ ನಮ್ಮ ಬ್ರಾಂಚಿನಲ್ಲಿ ಖಾತೆ ತೆರೆಸಿಕೊಂಡು, ಅಜ್ಜಿ ಕೊಟ್ಟ ನೂರು ರೂಪಾಯಿ ಕಟ್ಟಿದರೂ ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸದೆ ಕೌಂಟರು ಬಿಟ್ಟು ಕದಲದ ಹುಡುಗಿ ನೀನೇ ಹೌದೋ ಅಲ್ಲವೋ ಅಂತ ಅನುಮಾನ ಬಂತು.

ನಿನ್ನನ್ನು ಬೈಯುತ್ತಿಲ್ಲ. ನನ್ನ ಸರ್ವೀಸಿನುದ್ದಕ್ಕೂ ಹಾಗೇ ನಡೆಯಿತು. ನಾನು ಸೇರಿದ ಬ್ಯಾಂಕಿನ ಹೆಸರೇ ಈಗಿಲ್ಲ, ವಿಲೀನವಾಗಿ ಹೋಯಿತು. ಆದರೆ ಪದ್ಧತಿ ಹಾಗೇ ಇದೆ. 2001ರಲ್ಲಿ ಮಾದರಿ ಶಿಕ್ಷಣ ಸಾಲ ಯೋಜನೆ ಬಂದ ಮೇಲೆ ನಮ್ಮಂಥ ತಾಲ್ಲೂಕು ಊರಿನಿಂದಲೂ ಹುಡುಗರು ಹೊರಗೆ ಹೋಗತೊಡಗಿದರು. ಅದು ದೊಡ್ಡ ಉಪಕಾರ, ಸುಳ್ಳಲ್ಲ. ಆದರೆ ಸಾಲ ವಿದ್ಯಾರ್ಥಿಯ ಹೆಸರಿನಲ್ಲಿ, ಮಾತುಕತೆಯೆಲ್ಲ ಅಪ್ಪನ ಜತೆ. ನಾನೂ ಅಷ್ಟೇ, ಅಪ್ಪಂದಿರಿಗೆ ಕುರ್ಚಿ ಹಾಕಿಸಿ ಕೂರಿಸಿ ಮಾತಾಡಿದೆ. ಹುಡುಗರು ಹಿಂದೆ ನಿಂತು ಮೊಬೈಲು ನೋಡುತ್ತಿದ್ದರು. ಈಚೆ ಕರೆದು ‘ನೋಡಪ್ಪ, ನಿನ್ನ ಸಾಲ ಇಷ್ಟು, ಬಡ್ಡಿ ಇಷ್ಟು’ ಅಂತ ಅವರಿಗೆ ನಾನು ಹೇಳಿದ್ದು ಕಡಿಮೆ. ತಪ್ಪೇ ಅದು.

ಅದರ ಫಲ ಒಂದು ಸಲ ಕಣ್ಣಾರೆ ಕಂಡೆ. ಅಡಿಕೆ ಬೆಳೆಗಾರರೊಬ್ಬರು, ಊರು ಹೆಸರು ಬೇಡ, ಮಗನನ್ನು ಜರ್ಮನಿಗೇ ಕಳಿಸಿದ್ದರು. ಪ್ರತಿ ತಿಂಗಳ ಮೊದಲ ವಾರ ಬಟ್ಟೆಯ ಚೀಲದಲ್ಲಿ ನೋಟು ತಂದು ಬಡ್ಡಿ ಕಟ್ಟಿ ಹೋಗುವರು. ‘ಮಗ ಹೇಗಿದ್ದಾನೆ?’ ಅಂದರೆ ‘ಚೆನ್ನಾಗಿ ಓದುತ್ತಿದ್ದಾನೆ ಸಾರ್’ ಅನ್ನುವರು. ಕೋರ್ಸಿನ ಅವಧಿ ಮುಗಿದು ಅಂಕಪಟ್ಟಿ ಕೇಳಿ ಪತ್ರ ಬರೆದಾಗ ಗೊತ್ತಾಯಿತು, ಹುಡುಗ ವರ್ಷದ ಹಿಂದೆಯೇ ಯೂನಿವರ್ಸಿಟಿಯಿಂದ ಹೊರಬಿದ್ದಿದ್ದ. ಅಲ್ಲಿ ಬಹಳ ಕಡೆ ಒಂದು ವಿಷಯದ ಪರೀಕ್ಷೆಗೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋದರೆ ಹೆಸರು ತೆಗೆದುಹಾಕುತ್ತಾರೆ. ಅದೇ ಕೋರ್ಸಿಗೆ ಆ ದೇಶದ ಇನ್ನೊಂದು ಯೂನಿವರ್ಸಿಟಿಯಲ್ಲೂ ಸೇರಿಸಿಕೊಳ್ಳುವುದು ಕಷ್ಟ. ನಮ್ಮ ಇಂಜಿನಿಯರಿಂಗಿನ ಹಾಗೆ ‘ಬ್ಯಾಕ್’ ಇಟ್ಟುಕೊಂಡು ಮುಂದೆ ಹೋಗುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಎರಡನೇ ಸಲ ಹೋದಾಗಲೇ ಅವನು ಬಾಯಿಬಿಟ್ಟಿದ್ದರೆ ದಾರಿಯಿತ್ತು. ಪ್ರೊಫೆಸರನ್ನು ಕಂಡು ಸಲಹೆ ಕೇಳಬಹುದಿತ್ತು, ಮೂರನೆಯ ಪರೀಕ್ಷೆಯನ್ನು ಮುಂದಕ್ಕೆ ಹಾಕಬಹುದಿತ್ತು, ಕೋರ್ಸು ಬದಲಾಯಿಸಬಹುದಿತ್ತು. ನಮ್ಮ ಕಡೆಯಿಂದಲೂ, ಓದು ತಡವಾಗುತ್ತದೆ ಅಂತ ಮೊದಲೇ ತಿಳಿಸಿದರೆ ಎರಡು ವರ್ಷದವರೆಗೆ ಅವಧಿ ವಿಸ್ತರಿಸುವ ಅವಕಾಶ ಆ ಯೋಜನೆಯಲ್ಲೇ ಇದೆ. ಅವನು ಹೇಳಲಿಲ್ಲ. ಅಪ್ಪ ಚೀಲದಲ್ಲಿ ದುಡ್ಡು ಹೊತ್ತು ಹೋಗುತ್ತಾರೆ ಅಂತ ಅವನಿಗೆ ಗೊತ್ತಿರಲಿಲ್ಲ, ಮಗ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದಾನೆ ಅಂತ ಅಪ್ಪನಿಗೆ ಗೊತ್ತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದು ಅಂತ ಮುಚ್ಚಿಟ್ಟದ್ದು. ಪ್ರೀತಿಯಿಂದಲೇ ಮುಚ್ಚಿಟ್ಟದ್ದು. ಕೊನೆಗೆ ತೋಟದ ಒಂದು ತುಂಡು ಮಾರಿ ಸಾಲ ತೀರಿಸಿದರು.

ನಿನ್ನ ಮನೆಯಲ್ಲಿ ಮುಚ್ಚಿಡುವ ಕೆಲಸ ಆಗಲೇ ಶುರುವಾಗಿದೆ ಅಂತ ನನಗೆ ದಿಗಿಲು. ಅದಕ್ಕೇ ಈ ಕಾಗದ.

ಈಗ ಒಂದು ಪೆನ್ನು ಹಿಡಿದುಕೋ. ಯೂರೋಗೆ ನೂರು ರೂಪಾಯಿ ಅಂತ ಇಟ್ಟುಕೋ. 1999ರಲ್ಲಿ ಅದು ಹುಟ್ಟಿದಾಗ ಐವತ್ತರ ಆಸುಪಾಸಿನಲ್ಲಿತ್ತು, 2025ರಲ್ಲಿ ನೂರು ದಾಟಿತು. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕಾದ ಮೊತ್ತ 2024ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 11,904 ಯೂರೋ ಅಂತ ಆಯಿತು. ನಿನ್ನ ವೀಸಾ ಕಾಗದಪತ್ರಗಳಲ್ಲೂ ಅದೇ ಇದೆ. ಅಂದರೆ ಹನ್ನೆರಡು ಲಕ್ಷ. ಅದು ನಿನ್ನದೇ ದುಡ್ಡು, ಆದರೆ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಜರ್ಮನಿಯಲ್ಲಿ ಓದು ಪುಕ್ಕಟೆ ಅಂತ ಊರೆಲ್ಲ ಹೇಳುತ್ತಾರೆ. ನೀನು ಹೋಗುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಹಾಗಲ್ಲ. 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ. ನಾಲ್ಕು ಸೆಮಿಸ್ಟರಿಗೆ ಆರು ಲಕ್ಷ. ಎರಡು ವರ್ಷದ ಊಟ ವಸತಿಗೆ ಇಪ್ಪತ್ತನಾಲ್ಕು. ಒಟ್ಟು ಮೂವತ್ತು ಲಕ್ಷ, ವಿಮಾನದ ಟಿಕೇಟು, ಸ್ವೆಟರು ಬಿಟ್ಟು.

ಇದರಲ್ಲಿ ಸಾಲ ಇಪ್ಪತ್ತು. ನೀನು ಬೆಂಗಳೂರಿನಲ್ಲಿ ದುಡಿದು ಉಳಿಸಿದ್ದು ನಾಲ್ಕು. ಉಳಿದ ಆರು ಲಕ್ಷ ಎಲ್ಲಿಂದ ಅಂತ ನೀನು ಕೇಳಲೇ ಇಲ್ಲ. ‘ಪಾರ್ಟ್‌ಟೈಮ್ ಮಾಡುತ್ತೇನೆ’ ಅಂದೆ, ಅಷ್ಟೇ. ಮಾಡು, ಬೇಡ ಅನ್ನುವುದಿಲ್ಲ. 2024ರ ಮಾರ್ಚಿನಿಂದ ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಬಿಟ್ಟಿದ್ದಾರೆ. ಆದರೆ ಮೊದಲ ಸೆಮಿಸ್ಟರಿನಲ್ಲಿ ಆ ಕೆಲಸದ ಆಸೆ ಇಟ್ಟುಕೊಳ್ಳಬೇಡ. ಮೊದಲ ಚಳಿಗಾಲ ಪಾಠಕ್ಕೆ, ಭಾಷೆಗೆ, ಚಳಿಗೆ ಹೊಂದಿಕೊಳ್ಳುವುದಕ್ಕೇ ಹೋಗುತ್ತದೆ. ಆಮೇಲೆ ನಿನ್ನ ಡಿಪಾರ್ಟ್‌ಮೆಂಟಿನಲ್ಲೇ ಸಹಾಯಕಿ ಕೆಲಸ ಸಿಕ್ಕರೆ ಉತ್ತಮ, ಸಂಬಳ ದೊಡ್ಡದಲ್ಲದಿದ್ದರೂ ಪ್ರೊಫೆಸರ ಕಣ್ಣಿಗೆ ಬೀಳುತ್ತೀ. ವಾಸದ ಪರವಾನಗಿ ನವೀಕರಿಸಲು ಹೋದಾಗ ಮುಂದಿನ ಖರ್ಚಿಗೆ ದುಡ್ಡಿದೆಯೇ ಅಂತ ಮತ್ತೆ ಕೇಳುತ್ತಾರೆ, ಅದು ನೆನಪಿರಲಿ. ಆಗ ಯಾವನೋ ಏಜೆಂಟು ‘ತೋರಿಸುವುದಕ್ಕೆ ಮಾತ್ರ ದುಡ್ಡು ಹಾಕಿಕೊಡುತ್ತೇನೆ, ಕಮಿಷನ್ ಕೊಡಿ’ ಅಂತ ಬರುತ್ತಾನೆ. ಅವನ ಹತ್ತಿರ ಸುಳಿಯಬೇಡ.

ಬಡ್ಡಿಯ ಲೆಕ್ಕ ನೋಡು. ಸುಲಭಕ್ಕೆ ಶೇಕಡಾ ಹತ್ತು ಅಂತ ಹಿಡಿಯೋಣ. ಮೊದಲ ವರ್ಷ ಬ್ಯಾಂಕು ಬಿಡುಗಡೆ ಮಾಡುವುದು ಹದಿಮೂರು ಲಕ್ಷ, ಅದರ ಬಡ್ಡಿ 1,30,000. ಎರಡನೇ ವರ್ಷ ಪೂರ್ತಿ ಇಪ್ಪತ್ತರ ಮೇಲೆ ಎರಡು ಲಕ್ಷ. ಓದು ಮುಗಿದ ಮೇಲೆ ಕಂತು ಶುರುವಾಗುವ ಮುಂಚೆ ಒಂದು ವರ್ಷ ಬಿಡುವು ಕೊಡುತ್ತಾರಲ್ಲ, ಆ ವರ್ಷ ಇನ್ನೂ ಎರಡು ಲಕ್ಷ. ಕಂತು ಇಲ್ಲದ ಕಾಲ ಅಂದರೆ ಬಡ್ಡಿ ಇಲ್ಲದ ಕಾಲ ಅಂತ ಬಹಳ ಮಂದಿ ತಿಳಿದಿರುತ್ತಾರೆ. ಹಾಗಲ್ಲ. ಯಾರೂ ಕಟ್ಟದೆ ಬಿಟ್ಟರೆ ಮೂರು ವರ್ಷದ ಕೊನೆಗೆ ಇಪ್ಪತ್ತು ಲಕ್ಷ ಹೋಗಿ 25,30,000 ಆಗಿರುತ್ತದೆ. ಅದನ್ನು ಹದಿನೈದು ವರ್ಷಕ್ಕೆ ಹಂಚಿದರೆ ಕಂತು ತಿಂಗಳಿಗೆ 27 ಸಾವಿರ ಚಿಲ್ಲರೆ, ಹತ್ತು ವರ್ಷಕ್ಕೆ ಹಂಚಿದರೆ 33 ಸಾವಿರದ ಮೇಲೆ. ಹದಿನೈದು ವರ್ಷದ್ದು ಹಗುರ ಅಂತ ಕಾಣುತ್ತದೆ. ಆದರೆ ಒಟ್ಟು ಕಟ್ಟುವುದು ಸುಮಾರು 49 ಲಕ್ಷ, ಹತ್ತು ವರ್ಷಕ್ಕಾದರೆ ಸುಮಾರು 40. ಅವಧಿ ಎಷ್ಟು ಅಂತ ತೀರ್ಮಾನಿಸುವವಳು ನೀನು. ನಿನ್ನಪ್ಪ ಅಲ್ಲ, ನಾನೂ ಅಲ್ಲ.

ಓದುವಾಗಲೇ ತಿಂಗಳು ತಿಂಗಳು ಬಡ್ಡಿ ಕಟ್ಟುತ್ತ ಬಂದರೆ ಬಡ್ಡಿ ದರದಲ್ಲಿ ಶೇಕಡಾ ಒಂದು ರಿಯಾಯಿತಿ ಕೊಡುವ ಪದ್ಧತಿ ಇದೆ. ಈ ಮಾತು ನಾನೇ ನಿನ್ನಪ್ಪನ ಕಿವಿಗೆ ಹಾಕಿದ್ದು. ಅಂದಿನಿಂದ ಅವರು ಪೆನ್ಷನ್ನಿನಲ್ಲಿ ಬಡ್ಡಿ ಕಟ್ಟುವುದೆಂದು ನಿಶ್ಚಯಿಸಿಬಿಟ್ಟಿದ್ದಾರೆ. ಮೊದಲ ವರ್ಷ ತಿಂಗಳಿಗೆ ಹತ್ತಿರಹತ್ತಿರ ಹನ್ನೊಂದು ಸಾವಿರ, ಆಮೇಲೆ ಹದಿನಾರು ಹದಿನೇಳು ಸಾವಿರ. ನಿಮ್ಮ ಮನೆಯ ಹಿಂಬದಿಯ ಮಾಡು ಈ ಬೇಸಗೆಗೆ ಇಳಿಸಿ ಹಂಚು ಬದಲಿಸಬೇಕು ಅಂತ ಇತ್ತಲ್ಲ, ಅದು ನಿಂತದ್ದು ಇದಕ್ಕೇ. ‘ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹಂಚು ಕಣಯ್ಯಾ, ಇನ್ನೂ ನೂರು ವರ್ಷ ಬಾಳುತ್ತದೆ’ ಅಂತ ತಮಾಷೆ ಮಾಡಿ ನನ್ನ ಬಾಯಿ ಮುಚ್ಚಿಸಿದರು. ಹಂಚು ಬಾಳುತ್ತದೆ, ಸರಿ. ರೀಪು ಪಕಾಸಿಗೆ ಒರಲೆ ಹಿಡಿದಿದೆಯಲ್ಲ, ಅದನ್ನು ಅವರು ಹೇಳಲಿಲ್ಲ.

ಇದೆಲ್ಲ ಓದಿ ‘ಹಾಗಾದರೆ ನಾನು ಹೋಗುವುದೇ ಬೇಡ’ ಅಂತ ಅಳುತ್ತ ಕೂತೀಯೋ ಏನೋ. ಅದೇ ನಿನ್ನಪ್ಪನ ಹೆದರಿಕೆ, ಹೇಳಬೇಡ ಅಂದದ್ದೂ ಅದಕ್ಕೇ. ನನಗೆ ನಿನ್ನ ಮೇಲೆ ಅದಕ್ಕಿಂತ ಹೆಚ್ಚು ನಂಬಿಕೆ. ಸಾಲ ಮಾಡಿ ಓದುವುದು ಅವಮಾನವಲ್ಲ. ಹೊರದೇಶದ ಓದಿಗೆ ಜಮ್ಶೆಟ್‌ಜಿ ಟಾಟಾ 1892ರಲ್ಲಿ ನಿಧಿ ಸ್ಥಾಪಿಸಿದಾಗಲೇ ಅದನ್ನು ಹಿಂತಿರುಗಿಸಬೇಕಾದ ಸಾಲವಾಗಿ ಕೊಡುವ ಪದ್ಧತಿ ಇಟ್ಟರು. ಸಾಲ ಪಡೆದವರು ವಾಪಸು ಕಟ್ಟಿದ್ದರಿಂದಲೇ ಮುಂದಿನವರಿಗೂ ಸಿಕ್ಕಿತು. ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಲಂಡನ್ನಿಗೆ ಓದಲು ಹೋದದ್ದೂ ಟಾಟಾ ನೆರವಿನಲ್ಲೇ. ನಿನ್ನ ಲೆಕ್ಕ ಕೆಟ್ಟದ್ದೇನೂ ಅಲ್ಲ. ಓದು ಮುಗಿದ ಮೇಲೆ ಕೆಲಸ ಹುಡುಕಲು ಅಲ್ಲಿ ಹದಿನೆಂಟು ತಿಂಗಳು ಇರಲು ಬಿಡುತ್ತಾರೆ. ನೀನು ಯೂರೋದಲ್ಲಿ ದುಡಿದರೆ ಈ ರೂಪಾಯಿ ಸಾಲ ಐದಾರು ವರ್ಷಕ್ಕೇ ತೀರುತ್ತದೆ. ಈಗ ನಮ್ಮನ್ನು ಹೆದರಿಸುವ ನೂರು ರೂಪಾಯಿಯ ಯೂರೋ ಆಗ ನಿನ್ನ ಪಕ್ಷಕ್ಕೇ ಬರುತ್ತದೆ. ವಾಪಸು ಬಂದು ಇಲ್ಲೇ ದುಡಿಯುತ್ತೇನೆ ಅಂದರೆ ಅದೂ ಆಗದ್ದಲ್ಲ, ಆದರೆ ಆ 27 ಸಾವಿರವನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಬೇಕು. ಸಾಲವೂ ನೆರೆಯ ನೀರಿನ ಹಾಗೆ, ಮೆಟ್ಟಿಲು ಎಷ್ಟು ಮುಳುಗಿದೆ ಅಂತ ದಿನಾ ನೋಡುವವರಿಗೆ ಅಷ್ಟು ಗಾಬರಿಯಿಲ್ಲ.

ನಾನು ಕೇಳುವುದು ಒಂದೇ. ತಿಂಗಳ ಕೊನೆಗೆ ಒಂದು ಪುಟ ಲೆಕ್ಕ ಬರೆದು ಮನೆಗೆ ಕಳಿಸು. ವಾಟ್ಸ್ಯಾಪಿನಲ್ಲಿ ಫೋಟೋ ಹೊಡೆದು ಕಳಿಸಿದರೂ ಆದೀತು. ಬಾಡಿಗೆ ಎಷ್ಟು, ವಿಮೆ ಎಷ್ಟು, ಊಟಕ್ಕೆ ಎಷ್ಟು, ದುಡಿದದ್ದು ಎಷ್ಟು, ಖಾತೆಯಲ್ಲಿ ಉಳಿದದ್ದು ಎಷ್ಟು. ಕೊನೆಯ ಸಾಲಿನಲ್ಲಿ ಓದಿನ ಮಾತು: ಯಾವ ಪರೀಕ್ಷೆ ಆಯಿತು, ಯಾವುದು ಹೋಯಿತು, ಯಾವುದಕ್ಕೆ ಎಷ್ಟನೇ ಸಲ ಕೂರುತ್ತಿದ್ದೀ. ಅದಕ್ಕೆ ಉತ್ತರವಾಗಿ ನಿನ್ನಪ್ಪ ಅದೇ ದಿನ ಕಟ್ಟಿದ ಬಡ್ಡಿಯ ರಸೀದಿ ಕಳಿಸಬೇಕು, ಮನೆಯ ಖರ್ಚು, ಅವರ ಬಿ.ಪಿ., ಎಲ್ಲ ಬರೆಯಬೇಕು. ಎರಡು ಕಡೆಯಿಂದಲೂ ನಿಜ ಬರಬೇಕು, ಒಂದು ಕಡೆಯಿಂದ ಬಂದರೆ ಸಾಲದು. ವಾರಕ್ಕೆ ಏಳು ದಿನ ವಿಡಿಯೋ ಕಾಲ್ ಮಾಡಿ ‘ಊಟ ಆಯ್ತಾ’ ಅಂತ ಕೇಳುವ ಮನೆಗಳಲ್ಲೇ ಈ ಮಾತು ಬರುವುದಿಲ್ಲ ಅನ್ನುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕಷ್ಟ ಬಂದರೆ ಬಂದ ತಿಂಗಳೇ ಹೇಳು. ಬ್ಯಾಂಕಿಗೂ ಅಷ್ಟೇ. ಕಂತು ತೊಂಬತ್ತು ದಿನ ಬಾಕಿ ಬಿದ್ದರೆ ಖಾತೆ ಎನ್‌ಪಿಎ ಅಂತ ಆಗುತ್ತದೆ. ಆಮೇಲೆ ನಿನ್ನ ಸಿಬಿಲ್ ಜತೆಗೆ ಸಹಸಾಲಗಾರರಾದ ನಿನ್ನಪ್ಪನದೂ ಕೆಡುತ್ತದೆ. ಅದಕ್ಕೆ ಮೊದಲು ಒಂದು ಅರ್ಜಿ ಬರೆದರೆ ಮ್ಯಾನೇಜರಿಗೂ ಏನಾದರೂ ಮಾಡಲು ದಾರಿ ಇರುತ್ತದೆ. ಗಡುವು ಮುಗಿದ ಮೇಲೆ ಬಂದು ಅಳುವವರಿಗೆ ನಾವು ಟೀ ತರಿಸಿಕೊಡುವುದು ಬಿಟ್ಟರೆ ಮಾಡುವುದು ಏನೂ ಉಳಿದಿರುತ್ತಿರಲಿಲ್ಲ.

ಕೆಲಸ ಸಿಕ್ಕಿ ಸಂಬಳ ಬಂದ ಮೇಲೆ ಮೊದಲು ಏನು ಮಾಡಬೇಕು ಅಂತ ನೀನು ನಿನ್ನಮ್ಮನಿಗೆ ಹೇಳಿದ್ದೆಯಂತೆ, ಅವಳಿಗೆ ಸ್ವಿಟ್ಜರ್ಲೆಂಡ್ ತೋರಿಸುವುದು. ತೋರಿಸು. ಬೇಕಾದರೆ ನನಗೂ ಒಂದು ಟಿಕೇಟು ತೆಗೆಸು, ಆ ಎಸ್ಲಿಂಗೆನ್ ನೋಡಬೇಕು ಅಂತ ನನಗೂ ಆಸೆಯಿದೆ. ಆದರೆ ಅದಕ್ಕೂ ಮುಂಚೆ ಆ ಕ್ರಯಪತ್ರ ಬ್ಯಾಂಕಿನಿಂದ ಬಿಡಿಸಿಕೊಂಡು ಬಂದು ಅವಳ ಟ್ರಂಕಿಗೆ ಸೇರಿಸು. ಸಾಲ ತೀರಿದ ಮೇಲೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣ ತೀರಿದ ಪತ್ರ ನೋಂದಾಯಿಸಬೇಕು. ಇಲ್ಲದಿದ್ದರೆ ಋಣಭಾರ ಪತ್ರದಲ್ಲಿ ಸಾಲ ಹಾಗೇ ಕಾಣುತ್ತಿರುತ್ತದೆ. ಬಹಳ ಮಂದಿ ಇದನ್ನು ಮರೆಯುತ್ತಾರೆ. ಅಷ್ಟು ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ, ಬರೆದಿಟ್ಟಿದ್ದೇನೆ.

ಬರುವ ಶನಿವಾರ ಊರಿಗೆ ಬರುತ್ತೀಯಂತೆ. ಬಂದ ದಿನ ರಾತ್ರಿ ಊಟವಾದ ಮೇಲೆ ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿಕೊಂಡು ‘ಸೈಟಿನ ವಿಷಯ ಮಾವ ಹೇಳಿದರು’ ಅಂತಲೇ ಮಾತು ತೆಗೆ. ನಿನ್ನಪ್ಪ ನನ್ನನ್ನು ಬೈಯುತ್ತಾರೆ, ಬೈಯಲಿ. ಭಾನುವಾರ ಬೆಳಿಗ್ಗೆ ಮೂವರೂ ನಮ್ಮ ಮನೆಗೆ ತಿಂಡಿಗೆ ಬನ್ನಿ. ಬರುವಾಗ ಮಂಜೂರಾತಿ ಪತ್ರದ ಎಲ್ಲ ಹಾಳೆಗಳ ಜೆರಾಕ್ಸ್ ತೆಗೆದುಕೊಂಡು ಬಾ. ಒಂದೊಂದು ಸಾಲನ್ನೂ ನೀನೇ ಓದಿ ಹೇಳಬೇಕು, ನಾವು ಕೇಳುತ್ತೇವೆ.

ಇಂತಿ ನಿನ್ನ ಪ್ರೀತಿಯ,
ಮಾವ